ಪತ್ರವೂ ಸತ್ಯವೂ

ನ್ಯಾಯಸ್ಥಾನದ ಮೆಟ್ಟಿಲಿಳಿದು ಬರುವವರ ಬಾಯಲ್ಲಿ ಪದೇ ಪದೇ ಕೇಳಿಬರುವ ಮಾತೊಂದುಂಟು: “ಸತ್ಯ ನಮ್ಮ ಕಡೆಗೇ ಇತ್ತು; ಕಾಗದ ಮಾತ್ರ ನಮ್ಮ ಕಡೆಗಿರಲಿಲ್ಲ.” ಹಣ ತೀರಿಸಿದ್ದು ನಿಜ, ರಸೀದಿಯಿಲ್ಲ. ಜಮೀನು ಕೊಂಡದ್ದು ನಿಜ, ಪತ್ರ ನೋಂದಣಿಯಾಗಿಲ್ಲ. ಉಯಿಲು ಬರೆದಿಟ್ಟದ್ದು ನಿಜ, ಇಬ್ಬರು ಸಾಕ್ಷಿಗಳಿರಬೇಕಾದ ಕಡೆ ಒಬ್ಬನೇ ರುಜು ಹಾಕಿದ್ದಾನೆ. ಇಂಥ ಕಾರಣದಿಂದ ಸೋತು ಮನೆಗೆ ಹೋಗುವವನಿಗೆ ಕಾನೂನೆಂಬುದು ತಿಳಿದವರು ತಿಳಿಯದವರಿಗೆ ಒಡ್ಡಿದ ಬಲೆಯೆಂದು ತೋರಿದರೆ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, ಬರಿಯ ಬಾಯಿಮಾತನ್ನು ನಂಬಿ ತೀರ್ಪು ಕೊಡುವುದಾದರೆ ಗಟ್ಟಿಯಾದ ಬಾಯುಳ್ಳವನೇ ಗೆಲ್ಲುವನು ಎಂಬುದೂ ಅಷ್ಟೇ ದಿಟ.

ಬರಹ, ಸಾಕ್ಷಿ, ಮುದ್ರೆ, ಇಂಥದೇ ಮಾತು, ಇಷ್ಟೇ ಕಾಲದೊಳಗೆ ಎಂಬ ಹೊರಗಿನ ನಿಯಮಗಳನ್ನು ಇಲ್ಲಿ ‘ವಿಧಿ’ ಎಂಬ ಒಂದು ಹೆಸರಿನಿಂದ ಕರೆಯೋಣ. ಮನುಷ್ಯರು ತಮ್ಮ ಕರಾರುಗಳಿಗೂ ವ್ಯಾಜ್ಯಗಳಿಗೂ ಈ ವಿಧಿಗಳನ್ನು ಏತಕ್ಕಾಗಿ ಕಟ್ಟಿಕೊಂಡರು? ಅವು ಯಾರನ್ನು ಕಾಪಾಡಿದುವು? ಯಾವಾಗ ತಮ್ಮ ಉದ್ದೇಶವನ್ನು ಮರೆತು ತಿರುಗಿಬಿದ್ದುವು? ಈ ಪ್ರಶ್ನೆಗಳಿಗೆ ಚರಿತ್ರೆಯಲ್ಲಿ ಉತ್ತರವನ್ನು ಹುಡುಕುವುದಕ್ಕೆ ನಾವು ಮುಖ್ಯವಾಗಿ ಮೂರು ಸ್ಥಳಗಳಿಗೆ ಹೋಗಿಬರಬೇಕಾಗಿದೆ. ಒಂದು ಪ್ರಾಚೀನ ರೋಮ್ ನಗರ. ಮತ್ತೊಂದು ಚಾಲುಕ್ಯರ ಕಲ್ಯಾಣ. ಮೂರನೆಯದು 1875ನೆಯ ಇಸವಿಯ ಪುಣೆ ಮತ್ತು ಅಹಮದ್‌ನಗರದ ಹಳ್ಳಿಗಳು.

ರೋಮಿನ ನ್ಯಾಯಪದ್ಧತಿಯು ತನ್ನ ಬಾಲ್ಯದಲ್ಲಿ ಬಹುಮಟ್ಟಿಗೆ ಮಾತಿನ ಮತ್ತು ಅಭಿನಯದ ಪದ್ಧತಿಯಾಗಿತ್ತು. ದಾಸನನ್ನೋ ಎತ್ತನ್ನೋ ಇಟಲಿಯ ಭೂಮಿಯನ್ನೋ ವಿಧಿವತ್ತಾಗಿ ಹಸ್ತಾಂತರ ಮಾಡಬೇಕಾದರೆ, ಪ್ರಾಯಕ್ಕೆ ಬಂದ ಐವರು ರೋಮನ್ ಪೌರರು ಸಾಕ್ಷಿಗಳಾಗಿ ನಿಲ್ಲಬೇಕು. ಆರನೆಯವನೊಬ್ಬನು ಕಂಚಿನ ತಕ್ಕಡಿಯನ್ನು ಹಿಡಿದಿರಬೇಕು. ಕೊಳ್ಳುವವನು “ಇದು ನನ್ನದು” ಎಂದು ಗೊತ್ತಾದ ಮಾತುಗಳಲ್ಲಿ ಘೋಷಿಸಿ, ಒಂದು ತುಂಡು ಕಂಚಿನಿಂದ ಆ ತಕ್ಕಡಿಯನ್ನು ತಟ್ಟಿ, ಅದನ್ನು ಮಾರುವವನಿಗೆ ಕೊಡಬೇಕು. ನಾಣ್ಯ ಬಳಕೆಗೆ ಬಂದು ಲೋಹವನ್ನು ತೂಗುವ ಅವಶ್ಯಕತೆ ಹೋದಮೇಲೂ ತಕ್ಕಡಿ ಹೋಗಲಿಲ್ಲ. ಸಾಲಕ್ಕೂ ವಾಗ್ದಾನಕ್ಕೂ ಇಂಥದೇ ಇನ್ನೊಂದು ವಿಧಿ: “ಕೊಡುವೆಯೆಂದು ಮಾತು ಕೊಡುತ್ತೀಯಾ?” ಎಂದು ಒಬ್ಬನು ಕೇಳಬೇಕು, “ಮಾತು ಕೊಡುತ್ತೇನೆ” ಎಂದು ಮತ್ತೊಬ್ಬನು ಅದೇ ಕ್ರಿಯಾಪದದಿಂದ ಉತ್ತರ ಹೇಳಬೇಕು. ಕೇಳಬೇಕು, ಹೇಳಬೇಕು ಎಂದಮೇಲೆ ಮೂಕನೂ ಕಿವುಡನೂ ಈ ಬಗೆಯ ಕರಾರನ್ನು ಮಾಡಿಕೊಳ್ಳುವಂತೆಯೇ ಇರಲಿಲ್ಲ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಗೈಯಸ್ ಎಂಬ ಧರ್ಮಜ್ಞನು ತನ್ನ ಗ್ರಂಥದಲ್ಲಿ ಒಂದು ಹಳೆಯ ವ್ಯಾಜ್ಯವನ್ನು ಉದಾಹರಿಸಿದ್ದಾನೆ. ಈ ಗ್ರಂಥವು ಬಹುಕಾಲ ಕಣ್ಮರೆಯಾಗಿದ್ದು, 1816ರಲ್ಲಿ ವೆರೋನಾ ನಗರದ ಪುಸ್ತಕ ಭಂಡಾರದಲ್ಲಿ, ಅಳಿಸಿ ಮೇಲೆ ಬೇರೆ ಬರಹ ಬರೆದಿದ್ದ ಹಾಳೆಗಳಲ್ಲಿ ದೊರೆಯಿತು. ಆ ವ್ಯಾಜ್ಯದ ಸಂಗತಿ ಇಷ್ಟೆ. ಒಬ್ಬನ ದ್ರಾಕ್ಷಿಬಳ್ಳಿಗಳನ್ನು ಮತ್ತೊಬ್ಬನು ಕಡಿದುಹಾಕಿದನು. ನಷ್ಟಪಟ್ಟವನು ನ್ಯಾಯಾಧಿಕಾರಿಯ ಮುಂದೆ ಬಂದು “ನನ್ನ ಬಳ್ಳಿಗಳನ್ನು ಕಡಿದಿದ್ದಾನೆ” ಎಂದು ಹೇಳಿ ದಾವೆ ಹೂಡಿದನು. ಅವನಿಗೆ ದಾವೆಯ ಹಕ್ಕನ್ನು ಕೊಟ್ಟಿದ್ದ ಹನ್ನೆರಡು ಫಲಕಗಳ ಶಾಸನದಲ್ಲಾದರೋ ‘ಕಡಿದ ಮರಗಳು’ ಎಂಬ ಮಾತಿತ್ತು. ಅವನು ‘ಮರ’ ಎನ್ನಬೇಕಾಗಿತ್ತು, ‘ಬಳ್ಳಿ’ ಎಂದನು, ಸೋತನು. ಬಳ್ಳಿ ಕಡಿದದ್ದು ಸುಳ್ಳೆಂದು ಯಾರೂ ಹೇಳಲಿಲ್ಲ.

ಈ ಕಥೆಯನ್ನು ಕೇಳಿ ನಗುವುದು ಸುಲಭ. ರೋಮನರಿಗೂ ಕಾಲಕ್ರಮದಲ್ಲಿ ಇದು ಸಹಿಸಲಾರದಂತಾಯಿತು. ಅತಿಸೂಕ್ಷ್ಮತೆಯಿಂದ, ಅತ್ಯಲ್ಪ ತಪ್ಪು ಮಾಡಿದವನೂ ವ್ಯಾಜ್ಯವನ್ನು ಕಳೆದುಕೊಳ್ಳುವ ಸ್ಥಿತಿ ಬಂದಿತೆಂದೂ, ಆ ಕಾರಣದಿಂದಲೇ ಈ ಹಳೆಯ ದಾವೆಯ ಕ್ರಮಗಳು ಜನರಿಗೆ ಹೇಸಿಗೆಯಾಗಿ ರದ್ದಾದುವೆಂದೂ ಗೈಯಸನೇ ಹೇಳುತ್ತಾನೆ. ಪ್ರಶ್ನೋತ್ತರದ ಕರಾರಿನಲ್ಲಿ ಗೊತ್ತಾದ ಶಬ್ದಗಳೇ ಇರಬೇಕೆಂಬ ನಿರ್ಬಂಧವನ್ನು ಚಕ್ರವರ್ತಿ ಲಿಯೋ 472ರಲ್ಲಿ ತೆಗೆದುಹಾಕಿದನು. ಆದರೆ ನಗುವುದಕ್ಕೆ ಮುಂಚೆ ಒಂದು ವಿಷಯವನ್ನು ಯೋಚಿಸಬೇಕು. ಬರಹ ವಿರಳವಾಗಿದ್ದ ಸಮಾಜದಲ್ಲಿ ಜ್ಞಾಪಕವೇ ದಸ್ತಾವೇಜು. ಐವರ ಕಣ್ಣೆದುರಿಗೆ ತಕ್ಕಡಿ ತಟ್ಟಿದ ಶಬ್ದವನ್ನು ಐವರೂ ಮರೆಯುವುದು ಕಷ್ಟ. “ಕೊಡುತ್ತೀಯಾ” ಎಂದು ನೇರವಾಗಿ ಕೇಳಿಸಿಕೊಂಡವನು, ಹೂ ಎನ್ನುವುದಕ್ಕೆ ಮೊದಲು ಒಂದು ಕ್ಷಣ ಯೋಚಿಸುತ್ತಾನೆ. ಹೀಗೆ ನೆನಪನ್ನು ಉಳಿಸುವುದು ಮತ್ತು ಅವಸರವನ್ನು ತಡೆಯುವುದು ಇವೆರಡೂ ವಿಧಿಯ ಹುಟ್ಟುಗುಣಗಳು.

ನಮ್ಮ ನಾಡಿನಲ್ಲಿಯೂ ಈ ಗುಣಗಳನ್ನು ಕಾಣಬಹುದು. ದಾನ ಕೊಡುವವನು ಕೈಯಿಂದ ನೀರನ್ನು ಬಿಟ್ಟು ‘ಧಾರಾಪೂರ್ವಕ’ ಕೊಡುವುದು ಕನ್ನಡ ಶಾಸನಗಳಲ್ಲಿ ಸಾವಿರಾರು ಕಡೆ ಬರುವ ಸಂಗತಿ; ‘ಧಾರೆಯೆರೆದು ಕೊಡುವುದು’ ಎಂಬ ಮಾತು ಇಂದಿಗೂ ಮದುವೆಯ ಮನೆಯಲ್ಲಿ ಜೀವಂತವಾಗಿದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಕೆಲವೇಳೆ ಗ್ರಹಣ, ಸಂಕ್ರಮಣ. ಬಳಿಕ ಕೊಟ್ಟವನು, ಕೊಂಡವನು, ಭೂಮಿಯ ನಾಲ್ಕು ಎಲ್ಲೆಗಳು, ತೆರಿಗೆಯ ವಿನಾಯಿತಿಗಳು. ಕೊನೆಗೆ ಅಳಿಪಿದವನಿಗೆ ಶಾಪ, ಬರೆದ ಸೇನಬೋವನ ಹೆಸರು. ಈ ಕ್ರಮವನ್ನು ಶಾಸನ ಬರೆದವರು ಶತಮಾನಗಳ ಕಾಲ ಬಿಡದೆ ಪಾಲಿಸಿದ್ದರಿಂದಲೇ ನಮ್ಮ ಚರಿತ್ರೆಕಾರರಿಗೆ ಕಾಲನಿರ್ಣಯ ಸಾಧ್ಯವಾಗಿದೆ.

ಎರಡು ಪಂಗಡಗಳ ನಡುವಣ ಕರಾರಿಗೂ ಒಂದು ಪ್ರಸಿದ್ಧವಾದ ಉದಾಹರಣೆ ಶ್ರವಣಬೆಳಗೊಳದಲ್ಲಿದೆ. ಕ್ರಿ.ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಿದ್ದ ವಿವಾದವನ್ನು ವಿಜಯನಗರದ ಬುಕ್ಕರಾಯನು ತೀರ್ಮಾನಿಸಿದನು. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನೆಂದು ಶಾಸನ ಹೇಳುತ್ತದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಒಂದು ಸುಂದರವಾದ ದೃಶ್ಯವಾಗಿಯೇ ಉಳಿಯುತ್ತಿತ್ತು. ಆದರೆ ಶಾಸನವು ಮುಂದುವರಿದು, ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಎತ್ತಬೇಕೆಂದೂ, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ನೇಮಿಸಬೇಕೆಂದೂ, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂದೂ ವಿವರಿಸುತ್ತದೆ. ಈ ಕೆಲಸವನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘ ಸಮುದಾಯಗಳಿಗೆ ದ್ರೋಹಿ. ಕೈಯಲ್ಲಿ ಕೈಯಿಟ್ಟದ್ದು ನೋಡಿದವರ ನೆನಪಿಗಾಗಿ. ಹಣದ ಲೆಕ್ಕ ಕಲ್ಲಿಗೆ ಏರಿದ್ದು ನೋಡದೆ ಇದ್ದವರಿಗಾಗಿ.

ಇನ್ನು ಶಾಸ್ತ್ರದ ಕಡೆಗೆ ಬರೋಣ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು ವ್ಯಾಜ್ಯಕ್ಕೆ ನಾಲ್ಕು ಪಾದಗಳನ್ನು ಹೇಳುತ್ತದೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ಒದಗಿಸುವ ಕ್ರಿಯೆ, ಕೊನೆಗೆ ಸಾಧ್ಯದ ಸಿದ್ಧಿ. ವಾದಿ ಹೇಳಿದ್ದನ್ನು ಪ್ರತಿವಾದಿಯ ಎದುರಿನಲ್ಲಿಯೇ, ಅವನು ಹೇಳಿದಂತೆಯೇ, ವರ್ಷ ಮಾಸ ಪಕ್ಷ ದಿನಗಳ ಸಹಿತವಾಗಿ ಬರೆದುಕೊಳ್ಳಬೇಕು. ಉತ್ತರವನ್ನೂ ವಾದಿಯ ಎದುರಿನಲ್ಲಿಯೇ ಬರೆಯಬೇಕು. ಪ್ರಮಾಣಗಳೆಂದರೆ ಲಿಖಿತ, ಭುಕ್ತಿ ಮತ್ತು ಸಾಕ್ಷಿಗಳು. ಇವು ಯಾವುವೂ ಇಲ್ಲದಾಗ ಮಾತ್ರ ದಿವ್ಯ. ಒಬ್ಬನ ಬೆನ್ನ ಹಿಂದೆ ಮತ್ತೊಬ್ಬನು ದೂರು ಹೇಳಿ ಕೆಲಸ ಸಾಧಿಸಿಕೊಳ್ಳದಿರಲಿ ಎಂಬುದೇ ಇಲ್ಲಿಯ ವಿಧಿಯ ತಾತ್ಪರ್ಯವೆಂಬುದು ಸ್ಪಷ್ಟ.

ಸಾಲಪತ್ರದ ವಿಷಯದಲ್ಲಿ ಈ ಸ್ಮೃತಿಯ ಜಾಗರೂಕತೆ ಇನ್ನೂ ಹೆಚ್ಚು. ಪತ್ರದಲ್ಲಿ ಸಾಲ ಕೊಟ್ಟವನ ಹೆಸರು ಮೊದಲು ಬರಬೇಕು. ಕಾಲ, ಹೆಸರು, ಜಾತಿ, ಗೋತ್ರ, ತಂದೆಯ ಹೆಸರು ಮೊದಲಾದುವು ಇರಬೇಕು. ಬರೆದು ಮುಗಿದಮೇಲೆ ಸಾಲಗಾರನು “ಇಂಥವನ ಮಗನಾದ ನನಗೆ ಮೇಲೆ ಬರೆದದ್ದು ಒಪ್ಪಿಗೆ” ಎಂದು ತನ್ನ ಕೈಯಿಂದಲೇ ಬರೆಯಬೇಕು. ಸಾಕ್ಷಿಗಳು ತಮ್ಮ ತಂದೆಯ ಹೆಸರನ್ನು ಮೊದಲು ಹೇಳಿ, ತಾವು ಸಾಕ್ಷಿಗಳೆಂದು ಸ್ವಹಸ್ತದಿಂದ ಬರೆಯಬೇಕು. ಎಲ್ಲಕ್ಕೂ ಕೊನೆಗೆ ಬರಹಗಾರನು, ಇಬ್ಬರ ಕೋರಿಕೆಯಂತೆ ಇದನ್ನು ಬರೆದವನು ತಾನೆಂದು ಹೆಸರು ಹಾಕಬೇಕು. ಇಂದಿಗೂ ನಮ್ಮ ಪತ್ರಬರಹಗಾರರು ಬರೆಯುವ ಪತ್ರಗಳ ಅಂಗವಿನ್ಯಾಸ ಹೆಚ್ಚು ಕಡಮೆ ಇದೇ ಆಗಿದೆ. ಓದುಬರಹ ಬಾರದ ಸಾಲಗಾರನಾದರೆ, ತನ್ನ ಒಪ್ಪಿಗೆಯನ್ನು ಎಲ್ಲ ಸಾಕ್ಷಿಗಳ ಸಮಕ್ಷಮದಲ್ಲಿ ಬೇರೊಬ್ಬನಿಂದ ಬರೆಯಿಸಬೇಕೆಂಬ ನಿಯಮವೂ ಸ್ಮೃತಿಗಳಲ್ಲಿ ಉಂಟು.

ಪತ್ರ ಬರೆದುಕೊಟ್ಟಲ್ಲಿಗೆ ಯಾಜ್ಞವಲ್ಕ್ಯನು ಸುಮ್ಮನಾಗುವುದಿಲ್ಲ. ಸಾಲಗಾರನು ಆಗಾಗ್ಗೆ ಕೊಟ್ಟ ಹಣವನ್ನು ಆ ಪತ್ರದ ಬೆನ್ನಿನ ಮೇಲೆಯೇ ಬರೆಯಬೇಕು. ಇಲ್ಲವೆ, ಹಣ ಪಡೆದ ಧನಿಕನು ಸ್ವಹಸ್ತದಿಂದ ಗುರುತು ಮಾಡಿ ರಸೀದಿಯನ್ನು ಕೊಡಬೇಕು. ಸಾಲ ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಅಥವಾ ತೀರಿತೆಂದು ಬೇರೊಂದು ಪತ್ರವನ್ನು ಮಾಡಿಸಬೇಕು. ಸಾಕ್ಷಿಗಳ ಮುಂದೆ ಪಡೆದ ಸಾಲವನ್ನು ಸಾಕ್ಷಿಗಳ ಮುಂದೆಯೇ ತೀರಿಸಬೇಕು. ಪತ್ರದ ಮುಖವು ಧನಿಕನ ರಕ್ಷಣೆಗೆ, ಬೆನ್ನು ಸಾಲಗಾರನ ರಕ್ಷಣೆಗೆ. ಈ ಎರಡನೆಯ ಮಾತನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದು ನಮಗೆ ಬೇಕಾಗುತ್ತದೆ.

ಬಲಾತ್ಕಾರದಿಂದಲೋ ಮೋಸದಿಂದಲೋ ಆದ ಪತ್ರಕ್ಕೆ ಬೆಲೆಯಿಲ್ಲವೆಂದೂ, ಕುಡಿದವನು, ಬುದ್ಧಿಭ್ರಮೆಯುಳ್ಳವನು, ರೋಗಪೀಡಿತನು, ಬಾಲಕನು, ಹೆದರಿದವನು ಇಂಥವರ ವ್ಯವಹಾರ ಸಿದ್ಧಿಸದೆಂದೂ ಸ್ಮೃತಿ ಹೇಳುತ್ತದೆ. ರಾಜನು ಛಲವನ್ನು ಬದಿಗೊತ್ತಿ ವಸ್ತುಸ್ಥಿತಿಯನ್ನು ಅನುಸರಿಸಿ ವ್ಯಾಜ್ಯವನ್ನು ನಡೆಸಬೇಕು. ಆದರೂ ನಿಜವಾದ ವಿಷಯವೇ ಆದರೂ ಅದನ್ನು ನಿರೂಪಿಸದೆ ಹೋದರೆ ವ್ಯವಹಾರದಲ್ಲಿ ಅದಕ್ಕೆ ಹಾನಿಯುಂಟು ಎಂದು ಒಂದೇ ಶ್ಲೋಕದಲ್ಲಿ ಎರಡು ಮಾತನ್ನೂ ಸೇರಿಸಿದ್ದಾನೆ. ಸತ್ಯಕ್ಕೂ ವಿಧಿಗೂ ಇರುವ ಸೆಣಸಾಟವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದವರು ವಿರಳ. ಹೀಗೆಂದು ಸ್ಮೃತಿಯಲ್ಲಿ ಎಲ್ಲವೂ ಸಮನಾಗಿತ್ತೆಂದು ಭಾವಿಸಲಾಗದು. ವರ್ಣಕ್ಕೆ ತಕ್ಕಂತೆ ತಿಂಗಳಿಗೆ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದು ಬಡ್ಡಿಯ ದರವನ್ನು ಏರಿಸಿದ ಗ್ರಂಥವೂ ಅದೇ.

ಈ ಸ್ಮೃತಿಗೆ ಕನ್ನಡನಾಡಿನಲ್ಲಿ ಹುಟ್ಟಿದ ವ್ಯಾಖ್ಯಾನವೇ ಮಿತಾಕ್ಷರ. ಅದನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ದಾಯವಿಭಾಗದ ವಿಷಯದಲ್ಲಿ ಅವನ ಅಭಿಪ್ರಾಯಗಳು ಭರತಖಂಡದ ಬಹುಭಾಗದ ನ್ಯಾಯಸ್ಥಾನಗಳಲ್ಲಿ ಪ್ರಮಾಣವಾದುದನ್ನು ಎಲ್ಲರೂ ಬಲ್ಲರು. ಆದರೆ ಇಂದು ನಾವು ಎತ್ತಿಕೊಂಡಿರುವ ವಿಷಯದಲ್ಲಿ ಅವನು ತೋರಿದ ವಿವೇಕ ಅಷ್ಟು ಪ್ರಸಿದ್ಧವಾಗಿಲ್ಲ.

ಭೂಮಿಯು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಹೋಗಬೇಕಾದರೆ ಆರು ಅಂಗಗಳು ಬೇಕೆಂದು ಹಳೆಯ ವಚನವೊಂದಿತ್ತು: ತನ್ನ ಗ್ರಾಮದವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ಸಾಮಂತರ ಎಂದರೆ ನೆರೆಹೊಲದವರ ಒಪ್ಪಿಗೆ, ದಾಯಾದರ ಒಪ್ಪಿಗೆ, ಹಾಗೂ ಹೊನ್ನು ಮತ್ತು ನೀರನ್ನು ಕೊಡುವುದು. ಕೇವಲ ಅಕ್ಷರವನ್ನು ಹಿಡಿಯುವವನಾಗಿದ್ದರೆ, ಆರರಲ್ಲಿ ಒಂದು ತಪ್ಪಿದರೂ ಭೂಮಿ ಹೋಗದೆಂದು ಹೇಳಿ ಮುಗಿಸಬಹುದಾಗಿತ್ತು. ವಿಜ್ಞಾನೇಶ್ವರನು ಹಾಗೆ ಮಾಡಲಿಲ್ಲ. ಒಂದೊಂದು ಅಂಗವನ್ನೂ ಎತ್ತಿಕೊಂಡು ಇದು ಏತಕ್ಕೆ ಎಂದು ವಿಚಾರಿಸಿದನು. ಗ್ರಾಮದವರ ಒಪ್ಪಿಗೆ ವ್ಯವಹಾರವು ಬಹಿರಂಗವಾಗಲಿ ಎಂಬುದಕ್ಕೆ. ಅದಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದೆಂಬುದಕ್ಕಲ್ಲ. ನೆರೆಯವರ ಒಪ್ಪಿಗೆ ಎಲ್ಲೆಯ ಜಗಳವನ್ನು ತಪ್ಪಿಸುವುದಕ್ಕೆ. ಒಟ್ಟಿಗಿರುವ ದಾಯಾದರ ಒಪ್ಪಿಗೆಯಾದರೋ ಅವಶ್ಯವಾಗಿ ಬೇಕು. ಏಕೆಂದರೆ ಸ್ವತ್ತು ಅವರಿಗೂ ಸೇರಿದ್ದು. ಬೇರೆಯಾದವರ ಒಪ್ಪಿಗೆ, ಇವರು ಬೇರೆಯಾಗಿದ್ದರೋ ಇಲ್ಲವೋ ಎಂಬ ಸಂಶಯವನ್ನು ಮುಂದೆ ಯಾರೂ ಎತ್ತದಿರಲಿ ಎಂಬುದಕ್ಕೆ ಮಾತ್ರ. ಅದಿಲ್ಲದೆಯೂ ವ್ಯವಹಾರ ನಿಲ್ಲುತ್ತದೆ.

ಈ ವಿವೇಚನೆಯ ಬೆಲೆಯನ್ನು ಸ್ವಲ್ಪ ನಿಂತು ನೋಡಬೇಕು. ವಿಧಿಗಳಲ್ಲಿ ಎರಡು ಜಾತಿ. ಒಂದು, ವ್ಯವಹಾರಕ್ಕೆ ಪ್ರಾಣವಾದದ್ದು. ಅದು ತಪ್ಪಿದರೆ ವ್ಯವಹಾರವಿಲ್ಲ. ಇನ್ನೊಂದು, ವ್ಯವಹಾರಕ್ಕೆ ದೀಪವಾದದ್ದು. ಅದು ತಪ್ಪಿದರೆ ವ್ಯವಹಾರ ಮಬ್ಬಾಗುತ್ತದೆ, ಸಾಯುವುದಿಲ್ಲ. ಬಳ್ಳಿ ಮರಗಳ ವ್ಯಾಜ್ಯದಲ್ಲಿ ರೋಮಿನ ನ್ಯಾಯಾಧಿಕಾರಿಗೆ ಈ ಭೇದ ತೋರಲಿಲ್ಲ. ಕಲ್ಯಾಣದ ಪಂಡಿತನಿಗೆ ತೋರಿತು. ಪತ್ರವನ್ನು ಶುದ್ಧವಾದ ಸಂಸ್ಕೃತದಲ್ಲಿಯೇ ಬರೆಯಬೇಕೆಂಬ ನಿಯಮವಿಲ್ಲ, ಅವರವರ ದೇಶಭಾಷೆಯಲ್ಲಿ ಬರೆಯಬಹುದು ಎಂದು ಅವನು ಹೇಳಿರುವುದೂ ಇದೇ ದೃಷ್ಟಿಯಿಂದಲೇ. ಪತ್ರವಿರುವುದು ತಿಳಿಯುವುದಕ್ಕಾಗಿ, ತಿಳಿಯದ ಭಾಷೆಯಲ್ಲಿ ಬರೆದ ಪತ್ರದಿಂದ ಯಾರಿಗೆ ರಕ್ಷಣೆ? ಒಡೆಯನು ಕಣ್ಣಾರೆ ಕಾಣುತ್ತಿದ್ದರೂ ತಡೆಯದೆ ಇಪ್ಪತ್ತು ವರ್ಷ ಬಿಟ್ಟರೆ ಭೂಮಿಗೆ ಹಾನಿಯೆಂಬ ಸ್ಮೃತಿವಚನವನ್ನು ಕೂಡ ಅವನು ಭೂಮಿಯ ಫಲಕ್ಕೆ ಹಾನಿಯೆಂದು ಅರ್ಥಮಾಡಿದನೇ ಹೊರತು, ಕಾಲ ಕಳೆದ ಮಾತ್ರಕ್ಕೆ ಒಬ್ಬನ ಸ್ವತ್ತು ಮತ್ತೊಬ್ಬನದಾಗುವುದೆಂದು ಒಪ್ಪಲಿಲ್ಲ.

ಇಂಗ್ಲೆಂಡಿನ ಚರಿತ್ರೆಯಲ್ಲಿ ಈ ಭೇದವು ಬಹಳ ವ್ಯಾಜ್ಯಗಳ ಬಳಿಕ ಗೋಚರವಾಯಿತು. 1677ರಲ್ಲಿ ಅಲ್ಲಿಯ ಪಾರ್ಲಿಮೆಂಟು ವಂಚನೆಗಳನ್ನೂ ಸುಳ್ಳುಸಾಕ್ಷ್ಯವನ್ನೂ ತಡೆಯುವುದಕ್ಕೆಂದು ಒಂದು ಶಾಸನವನ್ನು ಮಾಡಿ, ಭೂಮಿಯ ಕ್ರಯವೇ ಮೊದಲಾದ ಕೆಲವು ಕರಾರುಗಳಿಗೆ ಬರಹವೂ ರುಜುವೂ ಇರಬೇಕೆಂದು ವಿಧಿಸಿತು. ಆ ಕಾಲದಲ್ಲಿ ವಾದಿ ಪ್ರತಿವಾದಿಗಳು ತಮ್ಮ ವ್ಯಾಜ್ಯದಲ್ಲಿ ತಾವೇ ಸಾಕ್ಷ್ಯ ಹೇಳುವಂತಿರಲಿಲ್ಲ. ಸಾಮಾನ್ಯವಾಗಿ ಎಲ್ಲ ವ್ಯಾಜ್ಯಗಳಲ್ಲಿಯೂ ಆ ಅಧಿಕಾರ ಅವರಿಗೆ ದೊರೆತದ್ದು 1851ರಲ್ಲಿ. ಆದಕಾರಣ ಬರಹವನ್ನು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಸ್ವಲ್ಪ ಕಾಲದಲ್ಲಿಯೇ ಬೇರೊಂದು ಬಗೆಯ ಚತುರರು ಹೊರಟರು. ಇವರು ಬಾಯಿಮಾತಿನಲ್ಲಿ ಭೂಮಿಯನ್ನು ಮಾರಿ, ಹಣ ಪಡೆದು, ಕೊಂಡವನನ್ನು ಸ್ವಾಧೀನಕ್ಕೂ ಬಿಟ್ಟು, ಅವನು ಮನೆ ಕಟ್ಟಿಕೊಂಡ ಮೇಲೆ “ಬರಹವೆಲ್ಲಿ?” ಎಂದು ಕೇಳುವರು. ವಂಚನೆಯನ್ನು ತಡೆಯಲು ಹುಟ್ಟಿದ ಕಾನೂನು ವಂಚನೆಯ ಆಯುಧವಾಗಬಾರದೆಂದು ಚಾನ್ಸರಿ ನ್ಯಾಯಾಧೀಶರು ಹೇಳಿ, ಕರಾರಿನಂತೆ ನಡೆದುಕೊಂಡು ಕಾರ್ಯವನ್ನು ಭಾಗಶಃ ನೆರವೇರಿಸಿದವನಿಗೆ ರಕ್ಷಣೆ ಕೊಟ್ಟರು. ಈ ತತ್ತ್ವವೇ ರೂಪಾಂತರದಿಂದ 1929ರಲ್ಲಿ ಇಂಡಿಯದ ಸ್ವತ್ತಿನ ವರ್ಗಾವಣೆ ಕಾನೂನಿನೊಳಕ್ಕೆ ಬಂದಿತು.

ಆದರೆ ನಮ್ಮ ದೇಶದಲ್ಲಿ ವಿಧಿಯು ಬಲೆಯಾದ ಅತ್ಯಂತ ದಾರುಣವಾದ ಕಥೆ ನಡೆದದ್ದು ಕಲ್ಯಾಣದ ಕಾಲಕ್ಕಿಂತ ಬಹಳ ಈಚೆಗೆ, ದಖ್ಖಣದಲ್ಲಿ. 1859ರಲ್ಲಿ ಬ್ರಿಟಿಷ್ ಸರ್ಕಾರವು ಕಾಲಮಿತಿಯ ಕಾನೂನನ್ನು ಮಾಡಿ, ನೋಂದಣಿಯಿಲ್ಲದ ಸಾಲಪತ್ರವು ಮೂರು ವರ್ಷಕ್ಕೆ ಮಾತ್ರ ಊರ್ಜಿತವೆಂದಿತು. ಬಡ್ಡಿಯು ವರ್ಷಗಟ್ಟಲೆ ಬೆಳೆಯದಿರಲಿ, ರೈತನಿಗೆ ಅನುಕೂಲವಾಗಲಿ ಎಂಬುದು ಉದ್ದೇಶ. ನಡೆದದ್ದೇ ಬೇರೆ. ಮೂರು ವರ್ಷ ತುಂಬುವುದರೊಳಗೆ ಸಾಹುಕಾರನು ರೈತನನ್ನು ಕರೆಸಿ, ಅಸಲನ್ನೂ ಬಾಕಿ ಬಡ್ಡಿಯನ್ನೂ ಕೂಡಿಸಿ, ಆ ಮೊತ್ತವನ್ನೇ ಹೊಸ ಅಸಲನ್ನಾಗಿ ಬರೆದು ಹೊಸ ಪತ್ರಕ್ಕೆ ಗುರುತು ಹಾಕಿಸಿಕೊಳ್ಳತೊಡಗಿದನು. ಮತ್ತೆ ಮೂರು ವರ್ಷಕ್ಕೆ ಮತ್ತೊಂದು ಪತ್ರ. ಬಡ್ಡಿ ಅಸಲನ್ನು ಮೀರಬಾರದೆಂಬ ಹಳೆಯ ದಾಮ್‌ದುಪ್ಪಟ್ಟಿನ ಮರ್ಯಾದೆಯನ್ನು ಬಡ್ಡಿಯೇ ಅಸಲಾಗಿ ಮಾರ್ಪಡುವ ಈ ಉಪಾಯದಿಂದ ಸುಲಭವಾಗಿ ದಾಟಬಹುದಾಗಿತ್ತು. ನೂರು ರೂಪಾಯಿಯ ಸಾಲಕ್ಕೆ ಎರಡು ಸಾವಿರಕ್ಕೂ ಮೇಲ್ಪಟ್ಟು ಬಡ್ಡಿ ಹಾಕಿದ್ದ ಪ್ರಸಂಗವನ್ನು ಮುಂದೆ ವಿಚಾರಣಾ ಸಮಿತಿ ಕಂಡಿತು. ಹಣ ಕೊಟ್ಟರೆ ರಸೀದಿ ಕೊಡುತ್ತಿರಲಿಲ್ಲವೆಂದೂ, ಪತ್ರದಲ್ಲಿ ಏನು ಬರೆದಿದೆಯೆಂಬುದು ತಿಳಿಯದೆಯೇ ಗುರುತು ಹಾಕಬೇಕಾಗಿತ್ತೆಂದೂ ರೈತರು ದೂರಿದರು. ಯಾಜ್ಞವಲ್ಕ್ಯನು ಯಾವುದನ್ನು ಬರೆಯಲೇಬೇಕೆಂದಿದ್ದನೋ ಆ ಪತ್ರದ ಬೆನ್ನು ಬರಿದಾಗಿಯೇ ಇತ್ತು.

ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ ಇಲ್ಲಿಯ ಹತ್ತಿಗೆ ಬೆಲೆಯೇರಿದಾಗ ಸಾಲ ಧಾರಾಳವಾಗಿ ದೊರಕಿತು. ಯುದ್ಧ ಮುಗಿದು ಬೆಲೆ ಕುಸಿದಾಗ ಸಾಲ ನಿಂತಿತು. ಅದೇ ಸಮಯಕ್ಕೆ ಕಂದಾಯವೂ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯ ಊರಿನಲ್ಲಿ ಸುತ್ತಮುತ್ತಲಿನ ರೈತರು ಸೇರಿ ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ದೊಂಬಿ ಅಹಮದ್‌ನಗರ ಜಿಲ್ಲೆಗೂ ಹರಡಿತು. ಅವರು ಮುಖ್ಯವಾಗಿ ಹುಡುಕಿದ್ದು ಧಾನ್ಯವನ್ನಲ್ಲ, ಬೆಳ್ಳಿ ಬಂಗಾರವನ್ನಲ್ಲ. ಸಾಲಪತ್ರಗಳನ್ನು ಮತ್ತು ಲೆಕ್ಕದ ವಹಿಗಳನ್ನು. ಅವುಗಳನ್ನು ತಂದು ಸುಟ್ಟರು. ಪತ್ರಗಳನ್ನು ಒಡನೆಯೇ ಒಪ್ಪಿಸಿದ ಕಡೆ ಸಾಮಾನ್ಯವಾಗಿ ಮುಂದೆ ಹಾವಳಿ ನಡೆಯಲಿಲ್ಲವೆಂದು ಸಮಿತಿಯೇ ಗಮನಿಸಿತು. ಅಕ್ಷರ ಬಾರದ ಜನ ಅಕ್ಷರದ ಮೇಲೆ ದಂಡೆತ್ತಿ ಹೋದದ್ದು ಮೂಢತನವೆಂದು ತೋರಬಹುದು. ಆದರೆ ತಮ್ಮ ಹೊಲಮನೆಗಳು ಯಾವುದರ ಬಲದಿಂದ ಹೋಗುತ್ತಿದ್ದುವೆಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ನ್ಯಾಯಾಧೀಶನು ಪತ್ರವನ್ನು ನೋಡುವನು; ಗುರುತು ರೈತನದೇ ಎಂಬುದು ಸಿದ್ಧಪಟ್ಟರೆ ಡಿಕ್ರಿ ಮಾಡುವನು. ವಿಧಿಯೆಲ್ಲ ಸರಿಯಾಗಿತ್ತು, ಸತ್ಯ ಮಾತ್ರ ಅದರೊಳಗಿರಲಿಲ್ಲ.

ಇದಕ್ಕೆ ಸರ್ಕಾರವು 1879ರ ದಖ್ಖಣದ ಕೃಷಿಕರ ಪರಿಹಾರ ಕಾನೂನಿನಿಂದ ಉತ್ತರ ಹೇಳಿತು. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳಲ್ಲಿ ಜಾರಿಗೆ ಬಂದ ಈ ಕಾನೂನಿನಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಎರಡು ಅಂಶಗಳಿವೆ. ಒಂದನೆಯದು, ನ್ಯಾಯಾಧೀಶನು ಪತ್ರದಲ್ಲಿ ಬರೆದ ಮೊತ್ತಕ್ಕೆ ನಿಲ್ಲದೆ, ಅದರ ಹಿಂದಣ ವ್ಯವಹಾರವನ್ನು ಮೊದಲಿನಿಂದ ವಿಚಾರಿಸಬಹುದೆಂಬುದು. ಎರಡನೆಯದು, ರೈತನು ಬರೆದುಕೊಡುವ ಪತ್ರವನ್ನು ಹಳ್ಳಿಯ ನೋಂದಣಾಧಿಕಾರಿಯ ಮುಂದೆ ಬರೆಯಬೇಕು, ಹಣ ಪಡೆದವನು ರಸೀದಿ ಕೊಡಬೇಕು, ಲೆಕ್ಕ ತೋರಿಸಬೇಕು ಎಂಬುದು. ಅಂದರೆ ವಿಧಿಯನ್ನು ಸಡಿಲಿಸುವುದು ಮತ್ತು ಬಿಗಿಗೊಳಿಸುವುದು ಎರಡೂ ಒಂದೇ ಕಾನೂನಿನಲ್ಲಿವೆ. ಇದು ವಿರೋಧವೆಂದು ಕಾಣಬಹುದು, ಆದರೆ ವಿರೋಧವಲ್ಲ. ಬಲವುಳ್ಳವನ ಕೈಯಲ್ಲಿದ್ದ ವಿಧಿಯನ್ನು ಸಡಿಲಿಸಿ, ಬಲವಿಲ್ಲದವನನ್ನು ಕಾಯುವ ವಿಧಿಯನ್ನು ಬಿಗಿಮಾಡಿದರು. ಮೈಸೂರು ಸಂಸ್ಥಾನದಲ್ಲಿಯೂ 1928ರಲ್ಲಿ ಕೃಷಿಕರ ಪರಿಹಾರದ ಕಾನೂನು ಜಾರಿಗೆ ಬಂದಿತು.

ನಮ್ಮ ದೇಶದ ಈಚಿನ ಕಾನೂನುಗಳಲ್ಲಿ ಇದೇ ತೂಗುಯ್ಯಾಲೆಯನ್ನು ಕಾಣುತ್ತೇವೆ. 1872ರ ಕರಾರು ಕಾನೂನು ಸಾಮಾನ್ಯವಾದ ಕರಾರಿಗೆ ಬರಹವನ್ನೇ ಕೇಳುವುದಿಲ್ಲ. ಸ್ವತಂತ್ರವಾದ ಸಮ್ಮತಿ, ಯೋಗ್ಯರಾದ ಪಕ್ಷಗಳು, ನ್ಯಾಯವಾದ ಪ್ರತಿಫಲ ಮತ್ತು ಉದ್ದೇಶ ಇವುಗಳನ್ನು ಕೇಳುತ್ತದೆ. ಇವು ಪ್ರಾಣರೂಪವಾದ ನಿಬಂಧನೆಗಳು. 1882ರ ಸ್ವತ್ತಿನ ವರ್ಗಾವಣೆ ಕಾನೂನಾದರೋ, ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಕ್ರಯಕ್ಕೆ ನೋಂದಣಿಯಾದ ಪತ್ರವನ್ನು ಕೇಳುತ್ತದೆ. ಸ್ಥಿರಸ್ವತ್ತಿನ ದಾನಕ್ಕೆ ನೋಂದಣಿಯ ಜೊತೆಗೆ ಇಬ್ಬರು ಸಾಕ್ಷಿಗಳ ರುಜುವನ್ನೂ ಕೇಳುತ್ತದೆ. ವಿಜ್ಞಾನೇಶ್ವರನು ದೀಪವೆಂದು ಎಣಿಸಿದ ಬಹಿರಂಗತೆಯು ಇಲ್ಲಿ ಪ್ರಾಣವಾಯಿತು. ಊರೆಲ್ಲ ಒಬ್ಬರನ್ನೊಬ್ಬರು ಬಲ್ಲ ಗ್ರಾಮದಲ್ಲಿ ಸಾಕಾಗುತ್ತಿದ್ದದ್ದು, ನೆರೆಮನೆಯವನ ಹೆಸರೇ ಗೊತ್ತಿಲ್ಲದ ನಗರದಲ್ಲಿ ಸಾಲದೆ ಹೋದದ್ದರಿಂದ ಈ ಬದಲಾವಣೆ ಅರ್ಥವುಳ್ಳದ್ದೇ. 1929ರಲ್ಲಿ ಬರಹದ ಕರಾರನ್ನು ನಂಬಿ ಸ್ವಾಧೀನ ಪಡೆದವನಿಗೆ ಕೊಟ್ಟ ರಕ್ಷಣೆಗೆ ಕೂಡ, 2001ರ ತಿದ್ದುಪಡಿಯಾದಂದಿನಿಂದ ಆ ಕರಾರು ನೋಂದಣಿಯಾಗಿರಬೇಕೆಂಬ ನಿಬಂಧನೆ ಸೇರಿದೆ. ಒಂದು ಕಾಲ ಸಡಿಲಿಸಿದ ಗಂಟನ್ನು ಇನ್ನೊಂದು ಕಾಲ ಬಿಗಿಯುತ್ತದೆ. ಯಾರ ಮೋಸ ಹೆಚ್ಚಾಗಿದೆ ಎಂಬುದನ್ನು ನೋಡಿಕೊಂಡು ಹಗ್ಗವನ್ನು ಎಳೆಯುವುದು ಶಾಸನಕರ್ತರ ಕೆಲಸ.

ಆದುದರಿಂದ ವಿಧಿಗಳನ್ನೆಲ್ಲ ತೆಗೆದುಹಾಕಿ ಸತ್ಯವನ್ನೇ ನೇರವಾಗಿ ನೋಡಿರೆಂದು ನ್ಯಾಯಾಧೀಶರನ್ನು ಕೇಳುವುದು ಸುಲಭವಾದ, ಆದರೆ ಅಪಾಯಕರವಾದ ಬೇಡಿಕೆ. ಸತ್ಯವು ನ್ಯಾಯಸ್ಥಾನಕ್ಕೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಯಾರಾದರೂ ಹೊತ್ತು ತರಬೇಕು. ಇನ್ನೊಂದು ಕಡೆ, ವಿಧಿ ಸರಿಯಾಗಿದ್ದ ಮಾತ್ರಕ್ಕೆ ನ್ಯಾಯ ಸರಿ ಎಂದುಕೊಳ್ಳುವುದು ಸುಪಾ ಗ್ರಾಮದ ಬೂದಿಯನ್ನು ಮರೆತಂತೆ. ಇವೆರಡರ ನಡುವೆ ನಮಗೆ ದಾರಿ ತೋರಿಸಬಲ್ಲದ್ದು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಎದ್ದ ಪ್ರಶ್ನೆಯೇ: ಈ ವಿಧಿ ಏತಕ್ಕೆ? ಅದಕ್ಕೆ ನಾವು ಇನ್ನೊಂದನ್ನು ಸೇರಿಸಬಹುದು: ಇದು ಯಾರನ್ನು ಕಾಯುತ್ತದೆ?

ನಮ್ಮ ಪತ್ರಗಳ ಕೊನೆಯಲ್ಲಿ, ಪತ್ರವನ್ನು ಓದಿಸಿ ಕೇಳಿ ಸರಿಯಾಗಿದೆಯೆಂದು ಒಪ್ಪಿ ರುಜು ಮಾಡಿರುತ್ತೇನೆ ಎಂಬರ್ಥದ ಒಂದು ವಾಕ್ಯ ಬರುವುದು ವಾಡಿಕೆ. ಅದನ್ನು ಬರೆಯುವವರು ಬರೆದೇ ಬರೆಯುತ್ತಾರೆ. ನಿಜವಾಗಿ ಓದಿ ಹೇಳಿದರೇ, ಹೆಬ್ಬೆಟ್ಟನ್ನು ಒತ್ತುವ ಮುದುಕಿಗೆ ಅದು ಅರ್ಥವಾಯಿತೇ ಎಂಬುದನ್ನು ಪತ್ರ ಹೇಳಲಾರದು. ಅಲ್ಲಿ ನಿಂತಿರುವ ಸಾಕ್ಷಿಗಳು ಹೇಳಬಲ್ಲರು. ಸಾಕ್ಷಿಯೆಂದು ರುಜು ಹಾಕುವುದಕ್ಕೆ ನೆಂಟರೋ ಸ್ನೇಹಿತರೋ ನಮ್ಮನ್ನು ಕರೆಯುವುದು ಅಪರೂಪವಲ್ಲ. ನಾವೂ ದಾಕ್ಷಿಣ್ಯಕ್ಕೆ ಹೋಗಿ, ಬೆರಳಿಟ್ಟು ತೋರಿಸಿದ ಕಡೆ ಹೆಸರು ಬರೆದು ಬರುತ್ತೇವೆ. ಮುಂದಿನ ಸಲ ಲೇಖನಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚೆ, “ಒಂದು ಸಲ ಗಟ್ಟಿಯಾಗಿ ಓದಿ” ಎಂದು ನಾವು ಕೇಳಿದರೆ ಆ ವಾಕ್ಯಕ್ಕೆ ಅರ್ಥ ಬಂದೀತು.